‘ನೋ ಇಂಟರ್ನೆಟ್, ಸೆಕ್ಯೂರ್ಡ್’ ಅಂದ್ರೆ ಅದು ಬೀಗದ ತಪ್ಪಲ್ಲ!

ಸೋಮವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತು. ಒಂಬತ್ತೂವರೆಗೆ ಟೀಮ್ ಮೀಟಿಂಗ್. ಕಾಫಿ ಲೋಟ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ತೆರೆದರೆ, ಮನೆಯ ವೈಫೈ ಹೆಸರಿನ ಕೆಳಗೆ ಒಂದು ಸಾಲು: ‘ನೋ ಇಂಟರ್ನೆಟ್, ಸೆಕ್ಯೂರ್ಡ್’. ಪಕ್ಕದಲ್ಲೇ ಇರೋ ಮೊಬೈಲ್‌ನಲ್ಲಿ ವಾಟ್ಸ್‌ಆ್ಯಪ್ ಸರಾಗವಾಗಿ ಓಡ್ತಿದೆ. ಲ್ಯಾಪ್‌ಟಾಪ್‌ಗೆ ಮಾತ್ರ ಮುನಿಸು.

ಇಂಥ ಹೊತ್ತಲ್ಲಿ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಕೆಲಸ ನಡೆಯುತ್ತೆ. ಮೊದಲನೆಯದು, ಎಲ್ಲವನ್ನೂ ಆಫ್ ಮಾಡಿ ಆನ್ ಮಾಡೋದು. ಎರಡನೆಯದು, ಅದೇ ಪಾಸ್‌ವರ್ಡನ್ನು ಹತ್ತು ಸಲ ಟೈಪ್ ಮಾಡೋದು. ಮೂರನೆಯದೇ ಅಪಾಯದ್ದು: ‘ಈ ಪಾಸ್‌ವರ್ಡ್ ಸಹವಾಸವೇ ಬೇಡ, ತೆಗೆದುಬಿಡೋಣ’ ಅಂತ ರೂಟರ್‌ನ ಬೀಗವನ್ನೇ ಕಿತ್ತುಹಾಕೋದು. ಆ ಮೂರನೇ ಹಂತಕ್ಕೆ ನೀವು ಹೋಗದಿರಲಿ ಅಂತಲೇ ಈ ಲೇಖನ. ತೊಂದರೆ ಎಲ್ಲಿದೆ ಅಂತ ಮೊದಲು ಪತ್ತೆ ಮಾಡಿದರೆ ರಿಪೇರಿ ಸುಲಭ. ಪತ್ತೆ ಮಾಡೋಕೆ ಬೇಕಾಗೋದು ನಿಮ್ಮ ಕೈಲಿರೋ ಮೊಬೈಲ್ ಮತ್ತು ಎರಡು ನಿಮಿಷ.

ವೈಫೈ ನಗರಿಯ ಮನೆಮನೆಯೂ ಒಂದು ಸ್ಟೇಷನ್

ಮೈಸೂರಿಗೂ ವೈಫೈಗೂ ಹಳೇ ನಂಟು. 2004ರಲ್ಲಿ ಖಾಸಗಿ ಸಂಸ್ಥೆಯೊಂದು ಊರಿನ ಉದ್ದಗಲಕ್ಕೂ ವೈಫೈ ಜಾಲ ಹಾಕಿದಾಗ, ದೇಶದ ಮೊದಲ ವೈಫೈ ನಗರ ಅಂತ ಮೈಸೂರಿನ ಹೆಸರು ಪತ್ರಿಕೆಗಳಲ್ಲಿ ಓಡಾಡಿತ್ತು. ಆಗ ಜಾಲ ನೋಡಿಕೊಳ್ಳೋಕೆ ಒಂದು ಕಂಪನಿ, ಎಂಜಿನಿಯರ್‌ಗಳು ಇದ್ದರು. ಈಗ ಕುವೆಂಪುನಗರ, ವಿಜಯನಗರ, ಬೋಗಾದಿ, ಸರಸ್ವತಿಪುರಂ ಎಲ್ಲಿ ನೋಡಿದರೂ ಮನೆಗೊಂದು ಜಾಲ. ಫೈಬರ್ ಹಾಕಲು ಬಂದ ಹುಡುಗ ಹತ್ತು ನಿಮಿಷದಲ್ಲಿ ಪೆಟ್ಟಿಗೆ ಕೂರಿಸಿ, ಪಾಸ್‌ವರ್ಡ್ ಹೇಳಿ ಹೊರಟುಬಿಡ್ತಾನೆ. ಅಲ್ಲಿಂದಾಚೆಗೆ ಎಂಜಿನಿಯರ್ ನೀವೇ.

ಇನ್ನೂ ಹಿಂದಕ್ಕೆ ಹೋದರೆ, 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಇದೇ ಊರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ರೇಡಿಯೊ ಪ್ರಸಾರ ಶುರು ಮಾಡಿದ್ದರು. ‘ಆಕಾಶವಾಣಿ’ ಎಂಬ ಹೆಸರು ಬೆಳೆದಿದ್ದು ಅಲ್ಲಿಂದಲೇ. ಈ ಮಾತು ಇಲ್ಲಿ ಯಾಕೆ ಅಂದರೆ, ನಿಮ್ಮ ರೂಟರ್ ಕೂಡ ಒಂದು ಪುಟಾಣಿ ರೇಡಿಯೊ ಸ್ಟೇಷನ್. ಲ್ಯಾಪ್‌ಟಾಪ್ ಅದರ ಕೇಳುಗ. ವ್ಯತ್ಯಾಸ ಇಷ್ಟೇ: ಇಲ್ಲಿ ಕೇಳುಗನೂ ಮಾತಾಡ್ತಾನೆ, ಮತ್ತು ಇಬ್ಬರ ಮಾತೂ ಬೀಗ ಹಾಕಿದ ಪೆಟ್ಟಿಗೆಯಲ್ಲೇ ಸಾಗುತ್ತೆ.

ಎರಡು ನಿಮಿಷದ ಪರೀಕ್ಷೆ

ಲ್ಯಾಪ್‌ಟಾಪ್‌ನಿಂದ ಹೊರಜಗತ್ತಿನವರೆಗೆ ಮೂರು ಕೊಂಡಿಗಳಿವೆ. ಒಂದು ಲ್ಯಾಪ್‌ಟಾಪ್. ಎರಡು, ಲ್ಯಾಪ್‌ಟಾಪ್ ಮತ್ತು ರೂಟರ್ ನಡುವಿನ ವೈಫೈ. ಮೂರು, ರೂಟರ್‌ನಿಂದ ಆಚೆ ಹೋಗುವ ಫೈಬರ್ ಲೈನ್. ಯಾವುದು ಕಡಿದಿದೆ ಅಂತ ಹೀಗೆ ನೋಡಿ.

ಮೊದಲ ಪರೀಕ್ಷೆ: ಮೊಬೈಲ್‌ನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈ ಮಾತ್ರ ಇಟ್ಟುಕೊಂಡು ಯಾವುದಾದರೂ ಹೊಸ ಪುಟ ತೆರೆಯಿರಿ. ಡೇಟಾ ಆಫ್ ಮಾಡೋದನ್ನು ಮರೀಬೇಡಿ. ವೈಫೈ ಸತ್ತಿದ್ದರೂ ಫೋನ್ ಸದ್ದಿಲ್ಲದೆ ಸಿಮ್‌ನ ಡೇಟಾಗೆ ಜಾರಿಕೊಳ್ಳುತ್ತೆ. ‘ಫೋನ್‌ನಲ್ಲಿ ನೆಟ್ ಬರ್ತಿದೆಯಲ್ಲ’ ಅನ್ನೋ ಮಾತು ಎಷ್ಟೋ ಸಲ ಸುಳ್ಳಾಗೋದು ಇಲ್ಲೇ.

ಎರಡನೇ ಪರೀಕ್ಷೆ: ಈಗ ಫೋನ್‌ನ ಡೇಟಾ ಆನ್ ಮಾಡಿ, ಹಾಟ್‌ಸ್ಪಾಟ್ ಕೊಟ್ಟು ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ. ಮೀಟಿಂಗ್ ಇದ್ದರೆ ಇದರಲ್ಲೇ ಮುಗಿಸಿಕೊಳ್ಳಬಹುದು, ಅದು ಬೇರೆ ಲಾಭ.

ಫಲಿತಾಂಶ ಹೀಗೆ ಓದಿಕೊಳ್ಳಿ:

• ಮನೆಯ ವೈಫೈನಲ್ಲಿ ಫೋನಿಗೂ ನೆಟ್ ಇಲ್ಲ ಅಂದರೆ ತೊಂದರೆ ರೂಟರ್‌ನಲ್ಲಿ ಅಥವಾ ಹೊರಗಿನ ಲೈನ್‌ನಲ್ಲಿ. ಲ್ಯಾಪ್‌ಟಾಪ್ ಮುಟ್ಟಬೇಡಿ.

• ಲ್ಯಾಪ್‌ಟಾಪ್ ಹಾಟ್‌ಸ್ಪಾಟ್‌ಗೂ ಸೇರ್ತಿಲ್ಲ ಅಂದರೆ ತೊಂದರೆ ಬಹುತೇಕ ಲ್ಯಾಪ್‌ಟಾಪ್‌ನದು. ರೂಟರ್ ಮುಟ್ಟಬೇಡಿ.

• ಫೋನಿಗೆ ಮನೆಯ ವೈಫೈ ಸರಿ, ಲ್ಯಾಪ್‌ಟಾಪ್‌ಗೆ ಹಾಟ್‌ಸ್ಪಾಟ್ ಸರಿ, ಇವರಿಬ್ಬರಿಗೆ ಮಾತ್ರ ಆಗಿಬರ್ತಿಲ್ಲ ಅಂದರೆ ತೊಂದರೆ ನಡುವೆ ಇದೆ. ಹೆಸರು, ಬೀಗ, ವಿಳಾಸ ಇವುಗಳಲ್ಲೊಂದು.

ಹೊರಗಿನ ಲೈನ್ ಆದರೆ

ಫೈಬರ್ ಪೆಟ್ಟಿಗೆಯ ದೀಪ ನೋಡಿ. ‘ಪಾನ್’ ಎಂಬ ದೀಪ ಸ್ಥಿರವಾಗಿ ಹಸಿರಾಗಿದ್ದರೆ ಬೆಳಕು ಬರ್ತಿದೆ. ‘ಎಲ್‌ಒಎಸ್’ ಎಂಬ ದೀಪ ಕೆಂಪಗೆ ಮಿಣುಕಿದರೆ ಫೈಬರ್ ಎಲ್ಲೋ ಕಡಿದಿದೆ ಅಥವಾ ಬಾಗಿದೆ. ಮಳೆಗಾಲದಲ್ಲಿ ಮರದ ಕೊಂಬೆ ಬಿದ್ದು ಕಂಬದ ಮೇಲಿನ ಫೈಬರ್ ತುಂಡಾಗೋದು ನಮ್ಮೂರಲ್ಲಿ ಹೊಸದೇನಲ್ಲ. ಆಗ ನೀವು ಮಾಡೋಕೆ ಏನೂ ಇಲ್ಲ. ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ಲಾನ್ ಅವಧಿ ಮುಗಿದಿದೆಯಾ ಅಂತಲೂ ಒಮ್ಮೆ ನೋಡಿ. ಎಷ್ಟೋ ಸಲ ಗುಟ್ಟು ಅಲ್ಲೇ ಇರುತ್ತೆ.

ದೀಪಗಳೆಲ್ಲ ಸರಿಯಿದ್ದರೆ ರೀಸ್ಟಾರ್ಟ್ ಮಾಡಿ, ಆದರೆ ಕ್ರಮವಾಗಿ. ಫೈಬರ್ ಪೆಟ್ಟಿಗೆ, ರೂಟರ್ ಎರಡರ ಪ್ಲಗ್ಗೂ ತೆಗೆದು ಅರ್ಧ ನಿಮಿಷ ಬಿಡಿ. ಮೊದಲು ಫೈಬರ್ ಪೆಟ್ಟಿಗೆ ಆನ್ ಮಾಡಿ, ಎರಡು ನಿಮಿಷ ಕಾದು, ಆಮೇಲೆ ರೂಟರ್.

ಒಂದು ಎಚ್ಚರಿಕೆ: ರೂಟರ್ ಹಿಂದೆ ಪಿನ್ ತೂರಿಸುವಂಥ ಸಣ್ಣ ತೂತು ಇರುತ್ತಲ್ಲ, ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. ಅದನ್ನು ಹತ್ತು ಸೆಕೆಂಡ್ ಒತ್ತಿದರೆ ಕಂಪನಿಯವರು ತುಂಬಿಟ್ಟ ಯೂಸರ್‌ನೇಮ್, ನೀವು ಹಾಕಿದ ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತೆ. ಅರ್ಧ ಗಂಟೆಯ ತೊಂದರೆ ಅರ್ಧ ದಿನದ್ದಾಗುತ್ತೆ.

ಬೀಗದ ಹತ್ತಿರ ನಿಂತಿದ್ದರೆ

‘ಕಾಂಟ್ ಕನೆಕ್ಟ್ ಟು ದಿಸ್ ನೆಟ್‌ವರ್ಕ್’ ಅಂತಲೋ, ಸೆಕ್ಯೂರಿಟಿ ಕೀ ತಪ್ಪು ಅಂತಲೋ ಬಂದರೆ ಲ್ಯಾಪ್‌ಟಾಪ್ ಬಾಗಿಲಲ್ಲೇ ನಿಂತಿದೆ ಎಂದರ್ಥ. ಈ ಬೀಗ ಕೆಲಸ ಮಾಡೋ ರೀತಿ ತಿಳಿದರೆ ಕಾರಣ ಹುಡುಕೋದು ಸುಲಭ.

ಹೆಚ್ಚಿನ ಮನೆಗಳಲ್ಲಿರೋ ಡಬ್ಲ್ಯುಪಿಎ2 ಪದ್ಧತಿಯಲ್ಲಿ ನಿಮ್ಮ ಪಾಸ್‌ವರ್ಡ್ ಗಾಳಿಯಲ್ಲಿ ಹೋಗೋದೇ ಇಲ್ಲ. ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಹೆಸರು ಎರಡನ್ನೂ ಸೇರಿಸಿ, 4,096 ಸುತ್ತು ಲೆಕ್ಕ ಹಾಕಿ, ಲ್ಯಾಪ್‌ಟಾಪ್ ಒಂದು ಕೀಲಿ ತಯಾರಿಸುತ್ತೆ. ರೂಟರ್ ತನ್ನ ಕಡೆ ಅದೇ ಲೆಕ್ಕ ಮಾಡಿರುತ್ತೆ. ನಾಲ್ಕು ಸಂದೇಶಗಳ ಒಂದು ಮಾತುಕತೆಯಲ್ಲಿ ‘ನಿನ್ನ ಹತ್ರ ಇರೋದು ನನ್ನ ಹತ್ರ ಇರೋದೇನಾ’ ಅಂತ ಇಬ್ಬರೂ ಖಾತರಿ ಮಾಡಿಕೊಳ್ತಾರೆ. ಒಂದು ಅಕ್ಷರ ತಪ್ಪಿದರೂ ಕೀಲಿ ಪೂರ್ತಿ ಬೇರೆ. ‘ಹೆಚ್ಚುಕಮ್ಮಿ ಸರಿ’ ಅನ್ನೋದು ಇಲ್ಲಿ ನಡೆಯಲ್ಲ.

ಹಾಗಾಗಿ ಹೀಗೆ ನೋಡಿ:

• ಪಾಸ್‌ವರ್ಡ್ ಪೆಟ್ಟಿಗೆಯ ಪಕ್ಕದ ಕಣ್ಣಿನ ಗುರುತು ಒತ್ತಿ, ಟೈಪ್ ಮಾಡಿದ್ದನ್ನು ಕಣ್ಣಾರೆ ಓದಿ. ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಸೊನ್ನೆಯನ್ನು ‘ಓ’ ಅಂದುಕೊಳ್ಳೋದು, ಒಂದನ್ನು ‘ಎಲ್’ ಅಂದುಕೊಳ್ಳೋದು ಮಾಮೂಲಿ. ಕನಿಷ್ಠ 8, ಗರಿಷ್ಠ 63 ಅಕ್ಷರ ಇರಬೇಕು.

• ಲ್ಯಾಪ್‌ಟಾಪ್‌ನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಂಡಿದ್ದೀರಾ? ಮೂಲೆಯಲ್ಲಿ ‘ಕನ್ನಡ’ ಅಂತಿದ್ದರೆ ಇಂಗ್ಲಿಷ್ ಪಾಸ್‌ವರ್ಡ್ ಒಳಗೆ ಹೋಗೋದು ಬೇರೆಯೇ ಅಕ್ಷರಗಳಾಗಿ. ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ಒತ್ತಿ ಇಂಗ್ಲಿಷ್‌ಗೆ ಬದಲಿಸಿ.

• ಪಾಸ್‌ವರ್ಡ್ ನೆನಪಿನ ಮೇಲೆ ಅನುಮಾನವಿದ್ದರೆ, ಸಂಪರ್ಕದಲ್ಲಿರೋ ಆಂಡ್ರಾಯ್ಡ್ ಫೋನ್‌ನ ವೈಫೈ ಸೆಟ್ಟಿಂಗ್ಸ್‌ನಲ್ಲಿ ‘ಶೇರ್’ ಒತ್ತಿ. ಕ್ಯೂಆರ್ ಕೋಡ್ ಬರುತ್ತೆ. ಹಲವು ಫೋನ್‌ಗಳಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಕೂಡ ಕಾಣುತ್ತೆ.

• ಇತ್ತೀಚೆಗೆ ರೂಟರ್ ಬದಲಾಯಿಸಿ ಹಳೇ ಹೆಸರನ್ನೇ ಇಟ್ಟಿದ್ದೀರಾ? ಲ್ಯಾಪ್‌ಟಾಪ್ ಹಳೇ ಕೀಲಿಯನ್ನೇ ತೂರಿಸ್ತಾ ಇರುತ್ತೆ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ವೈಫೈ, ಮ್ಯಾನೇಜ್ ನೋನ್ ನೆಟ್‌ವರ್ಕ್ಸ್ ಈ ದಾರಿಯಲ್ಲಿ ಹೋಗಿ, ನಿಮ್ಮ ಮನೆಯ ಹೆಸರಿನ ಮುಂದೆ ‘ಫರ್ಗೆಟ್’ ಒತ್ತಿ. ಮತ್ತೆ ಹೊಸದಾಗಿ ಸೇರಿ. ಮ್ಯಾಕ್‌ನಲ್ಲೂ ವೈಫೈ ಸೆಟ್ಟಿಂಗ್ಸ್ ಒಳಗೆ ‘ಫರ್ಗೆಟ್ ದಿಸ್ ನೆಟ್‌ವರ್ಕ್’ ಇದೆ. ಈ ಒಂದು ‘ಮರೆತುಬಿಡು’ ಎಷ್ಟೋ ಜಗಳ ತೀರಿಸುತ್ತೆ.

• ಲ್ಯಾಪ್‌ಟಾಪ್ ಹಳೇದು, ರೂಟರ್ ಹೊಸದು ಆಗಿದ್ದರೆ ಬೀಗದ ಮಾದರಿ ನೋಡಿ. ಡಬ್ಲ್ಯುಪಿಎ3 ಬಂದಿದ್ದು 2018ರಲ್ಲಿ. ವಿಂಡೋಸ್ 10ಕ್ಕೆ ಅದರ ಬೆಂಬಲ ಸಿಕ್ಕಿದ್ದು 2019ರ ಅಪ್‌ಡೇಟ್‌ನಲ್ಲಿ. ರೂಟರ್‌ನಲ್ಲಿ ಬರೀ ಡಬ್ಲ್ಯುಪಿಎ3 ಇದ್ದರೆ ಹಳೇ ಲ್ಯಾಪ್‌ಟಾಪ್ ಎಷ್ಟು ಬಡಿದರೂ ಬಾಗಿಲು ತೆಗೆಯಲ್ಲ. ರೂಟರ್ ಸೆಟ್ಟಿಂಗ್ಸ್‌ನಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡೂ ಇರೋ ಮಿಶ್ರ ಆಯ್ಕೆ ಹಾಕಿ. ಆದರೆ ‘ವೆಪ್’ ಎಂಬ ಹಳೇ ಆಯ್ಕೆ ಕಂಡರೆ ಅದರ ತಂಟೆಗೆ ಹೋಗಬೇಡಿ. 1997ರ ಆ ಬೀಗದ ಗುಟ್ಟು 2001ರಲ್ಲೇ ಬಯಲಾಗಿದೆ.

ಒಳಗೆ ಬಂದರೂ ದಾರಿ ಕಾಣದಿದ್ದರೆ

ಈಗ ‘ನೋ ಇಂಟರ್ನೆಟ್, ಸೆಕ್ಯೂರ್ಡ್’ ಎಂಬ ಸಾಲಿಗೆ ಬರೋಣ. ಇದನ್ನು ನೋಡಿದವರೆಲ್ಲ ‘ಸೆಕ್ಯೂರ್ಡ್ ಅಂತಿದೆಯಲ್ಲ, ಅದಕ್ಕೇ ನೆಟ್ ಬರ್ತಿಲ್ಲ’ ಅಂದುಕೊಳ್ತಾರೆ. ಅರ್ಥ ಪೂರ್ತಿ ಉಲ್ಟಾ. ಕೀಲಿ ಹೊಂದಿದೆ, ಬೀಗ ತೆಗೆದಿದೆ, ಲ್ಯಾಪ್‌ಟಾಪ್ ಮನೆಯೊಳಗೆ ಬಂದಾಗಿದೆ. ಸಿಗದಿರೋದು ಅಲ್ಲಿಂದ ಆಚೆಯ ದಾರಿ. ಇಲ್ಲಿ ಪಾಸ್‌ವರ್ಡ್ ತೆಗೆದರೆ ಪರದೆಯಿಂದ ‘ಸೆಕ್ಯೂರ್ಡ್’ ಅನ್ನೋ ಪದ ಹೋಗುತ್ತೆ, ‘ನೋ ಇಂಟರ್ನೆಟ್’ ಹಾಗೇ ಉಳಿಯುತ್ತೆ!

ಮೊದಲು ವಿಳಾಸ ನೋಡಿ. ವೈಫೈ ಹೆಸರಿನ ಪ್ರಾಪರ್ಟೀಸ್ ತೆರೆದರೆ ‘ಐಪಿವಿ4 ಅಡ್ರೆಸ್’ ಕಾಣುತ್ತೆ. ಅದು 192.168ರಿಂದ ಶುರುವಾಗಿದ್ದರೆ ಸಾಮಾನ್ಯವಾಗಿ ಸರಿ. 169.254ರಿಂದ ಶುರುವಾಗಿದ್ದರೆ ರೂಟರ್‌ನಿಂದ ವಿಳಾಸ ಸಿಕ್ಕಿಲ್ಲ, ಲ್ಯಾಪ್‌ಟಾಪ್ ತಾನೇ ಒಂದು ಹಾಕಿಕೊಂಡಿದೆ. ವೈಫೈ ಆಫ್ ಮಾಡಿ ಆನ್ ಮಾಡಿ. ಆಗದಿದ್ದರೆ ರೂಟರ್ ರೀಸ್ಟಾರ್ಟ್ ಮಾಡಿ. ಒಂದೇ ರೂಟರ್‌ನಲ್ಲಿ ಹತ್ತಾರು ಜನ ಇರೋ ಪಿ.ಜಿ.ಗಳಲ್ಲಿ ರೂಟರ್ ಹಂಚೋ ವಿಳಾಸಗಳೇ ಖಾಲಿಯಾಗಿರೋದೂ ಉಂಟು.

ಅದೇ ಪುಟದಲ್ಲಿ ‘ಐಪಿ ಅಸೈನ್‌ಮೆಂಟ್’ ಮುಂದೆ ‘ಮ್ಯಾನ್ಯುಯಲ್’ ಅಂತಿದ್ದರೆ ಅದನ್ನು ‘ಆಟೊಮ್ಯಾಟಿಕ್ ಡಿಎಚ್‌ಸಿಪಿ’ಗೆ ಬದಲಿಸಿ. ಹಳೇ ಆಫೀಸಿನಲ್ಲೋ ಹಾಸ್ಟೆಲ್‌ನಲ್ಲೋ ತುಂಬಿದ ವಿಳಾಸ ಮನೆಯಲ್ಲಿ ನಡೆಯಲ್ಲ. ವಿಳಾಸ ಸರಿಯಿದ್ದೂ ಪುಟ ತೆರೆಯದಿದ್ದರೆ ಡಿಎನ್‌ಎಸ್ ಕಡೆ ಗಮನ ಕೊಡಿ. ವೆಬ್‌ಸೈಟ್ ಹೆಸರನ್ನು ಸಂಖ್ಯೆಗೆ ಬದಲಿಸಿ ಕೊಡೋ ಡೈರೆಕ್ಟರಿ ಅದು. ಅಲ್ಲಿ 8.8.8.8 ಅಥವಾ 1.1.1.1 ತುಂಬಿ ನೋಡಿ.

ಆಫೀಸ್ ಲ್ಯಾಪ್‌ಟಾಪ್ ಆದರೆ ವಿಪಿಎನ್ ಮೇಲೆ ಮೊದಲ ಅನುಮಾನ ಇರಲಿ. ಅದು ಅರ್ಧಂಬರ್ಧ ಸೇರಿಕೊಂಡು ನಿಂತರೆ ಇಡೀ ಇಂಟರ್ನೆಟ್ ನಿಂತ ಹಾಗೆ ಕಾಣುತ್ತೆ. ಡಿಸ್‌ಕನೆಕ್ಟ್ ಮಾಡಿ ನೋಡಿ. ಕಂಪನಿ ಹಾಕಿದ ಸೆಟ್ಟಿಂಗ್‌ಗಳನ್ನು ನೀವೇ ಬದಲಿಸಲು ಹೋಗಬೇಡಿ, ಐಟಿ ಹೆಲ್ಪ್‌ಡೆಸ್ಕ್‌ಗೆ ಹೇಳಿ. ಮೇಲಿನ ಎರಡು ಪರೀಕ್ಷೆಯ ಫಲಿತಾಂಶ ಮೊದಲೇ ಹೇಳಿದರೆ ಅವರ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ.

ಇನ್ನೊಂದು ತಮಾಷೆಯ ಕಾರಣ: ತಾರೀಖು. ಬಹಳ ದಿನ ಮೂಲೆಯಲ್ಲಿದ್ದ ಹಳೇ ಲ್ಯಾಪ್‌ಟಾಪ್‌ನ ಒಳಗಿನ ಗುಂಡಿ ಬ್ಯಾಟರಿ ಸತ್ತಿದ್ದರೆ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿರುತ್ತೆ. ವೈಫೈ ಸೇರುತ್ತೆ, ಆದರೆ ತೆರೆದ ಪುಟವೆಲ್ಲ ‘ಸುರಕ್ಷಿತವಲ್ಲ’ ಅಂತ ಕೂಗುತ್ತೆ. ತಾರೀಖು, ಸಮಯ ಸರಿಪಡಿಸಿದರೆ ಎಲ್ಲ ತಣ್ಣಗಾಗುತ್ತೆ.

ಲ್ಯಾಪ್‌ಟಾಪ್ ಹಾಟ್‌ಸ್ಪಾಟ್‌ಗೂ ಸೇರದಿದ್ದರೆ ಏರ್‌ಪ್ಲೇನ್ ಮೋಡ್ ನೋಡಿ. ಧೂಳು ಒರೆಸುವಾಗ ಕೀಬೋರ್ಡ್ ಮೇಲಿನ ಆ ಗುಂಡಿ ಒತ್ತಿಹೋಗೋದು ಸುಲಭ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಅನ್‌ಇನ್‌ಸ್ಟಾಲ್ ಡಿವೈಸ್’ ಕೊಡಿ. ಡ್ರೈವರ್ ಅಳಿಸೋ ಚೌಕಕ್ಕೆ ಮಾತ್ರ ಟಿಕ್ ಹಾಕಬೇಡಿ. ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ವಿಂಡೋಸ್ ಅದನ್ನು ತಾನೇ ಮತ್ತೆ ಕೂರಿಸಿಕೊಳ್ಳುತ್ತೆ.

ಹೆಸರೇ ಕಾಣದಿದ್ದರೆ

ಪಟ್ಟಿಯಲ್ಲಿ ಪಕ್ಕದ ಮನೆಯವರ ವೈಫೈ ಕಾಣುತ್ತೆ, ನಿಮ್ಮದೇ ಇಲ್ಲ! ಇದು ರೇಡಿಯೊದ ಕಥೆ. ಮನೆಯ ರೂಟರ್‌ಗಳು ಸಾಮಾನ್ಯವಾಗಿ ಎರಡು ಬ್ಯಾಂಡ್‌ನಲ್ಲಿ ಮಾತಾಡುತ್ತವೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟುತ್ತೆ. 5 ಗಿಗಾಹರ್ಟ್ಸ್ ಚುರುಕು, ಆದರೆ ಗೋಡೆ ಕಂಡರೆ ಸುಸ್ತಾಗುತ್ತೆ. ನೆಟ್‌ವರ್ಕ್ ಹೆಸರಿನ ಕೊನೆಗಿರೋ ‘5ಜಿ’ ಅಂದರೆ ಈ ಬ್ಯಾಂಡ್. ಮೊಬೈಲ್‌ನ 5ಜಿಗೂ ಅದಕ್ಕೂ ಸಂಬಂಧವಿಲ್ಲ. ಹಳೇ ಲ್ಯಾಪ್‌ಟಾಪ್‌ಗಳಲ್ಲಿ 5 ಗಿಗಾಹರ್ಟ್ಸ್ ರೇಡಿಯೊ ಇಲ್ಲದಿದ್ದರೆ ಆ ಹೆಸರು ಅವಕ್ಕೆ ಕಾಣೋದೇ ಇಲ್ಲ.

2.4ರಲ್ಲೂ ಒಂದು ಸೂಕ್ಷ್ಮ ಇದೆ. ನಮ್ಮಲ್ಲಿ 12, 13ನೇ ಚಾನೆಲ್‌ಗಳನ್ನೂ ರೂಟರ್ ಬಳಸಬಹುದು. ಅಮೆರಿಕದ ಮಾರುಕಟ್ಟೆಗೆ ತಯಾರಾದ ಕೆಲವು ಲ್ಯಾಪ್‌ಟಾಪ್‌ಗಳು 11ರ ಆಚೆ ಕಿವಿಯನ್ನೇ ಕೊಡಲ್ಲ. ಭಾವನೋ ಅಕ್ಕನೋ ಅಲ್ಲಿಂದ ತಂದುಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ರೂಟರ್ ಚಾನೆಲ್ ಅನ್ನು 1, 6 ಅಥವಾ 11ಕ್ಕೆ ಬದಲಿಸಿ ನೋಡಿ.

ಉಳಿದದ್ದು ಗೋಡೆ. ಅಗ್ರಹಾರದ ಹಳೇ ಮನೆಗಳ ದಪ್ಪ ಗೋಡೆ, ಹೊಸ ಡ್ಯೂಪ್ಲೆಕ್ಸ್‌ಗಳ ಕಬ್ಬಿಣ ತುಂಬಿದ ಆರ್‌ಸಿಸಿ ಸೂರು ಎರಡೂ ವೈಫೈಗೆ ಆಗದವು. ಆದರೆ ರೂಟರ್ ಎಲ್ಲಿರುತ್ತೆ? ವೈರ್ ಒಳಗೆ ಬಂದ ಕಿಟಕಿಯ ಪಕ್ಕ, ಟಿವಿ ಹಿಂದೆ, ಇಲ್ಲಾ ಸ್ಟೀಲ್ ಬೀರುವಿನ ಮೇಲೆ. ನೀವು ಕೆಲಸ ಮಾಡೋದು ಮಹಡಿಯ ಕೋಣೆಯಲ್ಲಿ. ರೂಟರನ್ನು ಮನೆಯ ನಡುಭಾಗಕ್ಕೆ, ತಲೆಯೆತ್ತರಕ್ಕೆ ತನ್ನಿ. ಬೀರು, ದೊಡ್ಡ ಕನ್ನಡಿ, ಮೀನಿನ ತೊಟ್ಟಿ ನಡುವೆ ಇರದಿರಲಿ. ಮೈಕ್ರೋವೇವ್ ಓಲೆ ಕೂಡ 2.4ರ ಆಸುಪಾಸಿನಲ್ಲೇ ಕೆಲಸ ಮಾಡೋದರಿಂದ ಅಡುಗೆಮನೆ ಪಕ್ಕ ಬೇಡ. ಮಹಡಿಗೆ ಒಂದು ಲ್ಯಾನ್ ಕೇಬಲ್ ಎಳೆದು ಎರಡನೇ ರೂಟರ್ ಇಡೋದು ಎಲ್ಲಕ್ಕಿಂತ ಗಟ್ಟಿ ಪರಿಹಾರ.

ಬೀಗ ಯಾಕೆ ತೆಗೆಯಬಾರದು?

‘ನಮ್ಮನೇಲಿ ಏನಿದೆ ಕದಿಯೋಕೆ?’ ಅಂತ ಕೇಳೋರಿದ್ದಾರೆ. ಪ್ರಶ್ನೆ ಕಳ್ಳತನದ್ದು ಮಾತ್ರ ಅಲ್ಲ. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಬಾಂಬ್ ಸ್ಫೋಟವಾಯಿತು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿಸಂಸ್ಥೆಗಳಿಗೆ ಒಂದು ಬೆದರಿಕೆಯ ಇಮೇಲ್ ಹೋಗಿತ್ತು. ಪೊಲೀಸರು ಅದರ ವಿಳಾಸ ಹಿಡಿದು ಹೊರಟರೆ ಸಿಕ್ಕಿದ್ದು ನವಿ ಮುಂಬೈನ ಒಂದು ಫ್ಲ್ಯಾಟ್. ಅಲ್ಲಿದ್ದ ಅಮೆರಿಕನ್ ಪ್ರಜೆಯ ವೈಫೈಗೆ ಸರಿಯಾದ ಬೀಗವಿರಲಿಲ್ಲ, ಬೇರೆ ಯಾರೋ ಅದನ್ನು ಬಳಸಿಕೊಂಡಿದ್ದರು. ತಾನು ಮಾಡದ ಕೆಲಸಕ್ಕೆ ಆತ ವಿಚಾರಣೆ ಎದುರಿಸಬೇಕಾಯಿತು. ಮರುವರ್ಷ, 2009ರಲ್ಲಿ, ವೈಫೈ ಸಂಪರ್ಕಗಳನ್ನು ಭದ್ರಪಡಿಸುವ ಬಗ್ಗೆ ದೂರಸಂಪರ್ಕ ಇಲಾಖೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು.

ನಿಮ್ಮ ವೈಫೈನಿಂದ ಹೊರಗೆ ಹೋಗೋದೆಲ್ಲ ನಿಮ್ಮ ಮನೆಯ ವಿಳಾಸ ಹೊತ್ತು ಹೋಗುತ್ತೆ. ಬೀಗ ಇರೋದು ಅದಕ್ಕೆ. ನೆಂಟರು ಬಂದಾಗ ಪಾಸ್‌ವರ್ಡ್ ಹೇಳೋಕೆ ಮುಜುಗರ ಅನ್ನಿಸಿದರೆ ರೂಟರ್‌ನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಆನ್ ಮಾಡಿ, ಅದಕ್ಕೂ ಒಂದು ಪಾಸ್‌ವರ್ಡ್ ಇಡಿ. ಮೊಬೈಲ್ ನಂಬರ್, ಮನೆ ಹೆಸರು, ಮಗುವಿನ ಹುಟ್ಟಿದ ದಿನ ಪಾಸ್‌ವರ್ಡ್ ಆಗೋದು ಬೇಡ. ಸಂಬಂಧವಿಲ್ಲದ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಸಾಲಾಗಿ ಬರೆದರೆ ನೆನಪಿಗೂ ಸುಲಭ, ಊಹೆಗೂ ಕಷ್ಟ. ರೂಟರ್‌ನ ಒಳಸೆಟ್ಟಿಂಗ್‌ಗೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಬೇರೆ ಇರುತ್ತೆ. ಅದು ಇನ್ನೂ ಕಾರ್ಖಾನೆಯಿಂದ ಬಂದ ‘ಅಡ್ಮಿನ್’ ಅಂತಲೇ ಇದ್ದರೆ ಇವತ್ತೇ ಬದಲಿಸಿ.

ಇನ್ನೊಂದೇ ಕೆಲಸ ಉಳಿದಿದೆ. ವೈಫೈ ಹೆಸರು, ಪಾಸ್‌ವರ್ಡ್, ಅಡ್ಮಿನ್ ಪಾಸ್‌ವರ್ಡ್, ಇಂಟರ್ನೆಟ್ ಕಂಪನಿಯ ಗ್ರಾಹಕ ಸಂಖ್ಯೆ, ದೂರಿನ ಫೋನ್ ನಂಬರ್ ಐದನ್ನೂ ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿ. ನೀವು ಬೆಂಗಳೂರಿಗೆ ಹೋದ ದಿನವೇ ಅಪ್ಪನ ಪೆನ್ಷನ್ ಪೋರ್ಟಲ್ ತೆರೆಯಲ್ಲ, ತಂಗಿಯ ಆನ್‌ಲೈನ್ ಪರೀಕ್ಷೆ ಶುರುವಾಗುತ್ತೆ. ಆಗ ಫೋನ್‌ನಲ್ಲಿ ಅರ್ಧ ಗಂಟೆ ‘ಆ ಬಟನ್ ಒತ್ತು, ಅಲ್ಲ ಕಣೋ, ಅದರ ಪಕ್ಕದ್ದು’ ಅಂತ ಕೂಗಾಡೋ ಬದಲು ‘ಬೀರು ತೆಗೆದು ನೋಡಿ’ ಅಂದರೆ ಸಾಕು.